ನಿನ್ನಮ್ಮ ನನ್ನ ಹೆಸರು ಹೇಳಿದಳು

ಜಡಿಗೇನಹಳ್ಳಿ
ಗುರುವಾರ, 20 ನವೆಂಬರ್ 2025

ಮಗಳು ಚೈತ್ರಳಿಗೆ,

ದೊಡ್ಡಬಳ್ಳಾಪುರದಲ್ಲಿ ನೀನು, ಅಳಿಯಂದಿರು, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ಇಲ್ಲಿ ನಾವೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು. ಬರೆದಿದ್ದೆ, ಓದಿಕೊಂಡೆ, ಹೊಡೆದುಹಾಕಿ ಹಾಳೆ ಬದಲಾಯಿಸಿದೆ. ಆ ಮಾತನ್ನು ಕೊನೆಗೆ ನೋಡೋಣ.

ಫೋನಿನಲ್ಲಿ ಹೇಳಬಾರದೇ ಅಪ್ಪ, ಈ ಕಾಲದಲ್ಲಿ ಕಾಗದ ಯಾಕೆ ಎಂದು ನೀನು ಕೇಳುತ್ತೀಯ. ಕಿವಿ ಮಂದವಾದ ಮೇಲೆ ಸ್ಪೀಕರಿಗೆ ಹಾಕದೆ ನನಗೆ ಫೋನು ಕೇಳುವುದಿಲ್ಲ. ಸ್ಪೀಕರಿಗೆ ಹಾಕಿದರೆ ಎದುರುಮನೆ ಪಾಪಮ್ಮನಿಗೂ ಕೇಳುತ್ತದೆ. ಮೆಸೇಜು ಮಾಡಬೇಕೆಂದರೆ ನನ್ನ ದಪ್ಪ ಬೆರಳಿಗೆ ಒಂದು ಅಕ್ಷರಕ್ಕೆ ಮೂರು ಒತ್ತುತ್ತದೆ, ಕಡೆಗೆ ನಿನ್ನ ತಮ್ಮ ಕೆಂಪರಾಜನನ್ನೇ ಕರೆದು ಬರೆಸಬೇಕು. ಈ ವಿಷಯ ಅವನ ಕೈಯಲ್ಲಿ ಬರೆಸುವಂಥದ್ದಲ್ಲ. ಈಗ ಅವನು ಡ್ಯೂಟಿಗೆ ಹೋಗಿದ್ದಾನೆ. ಸೊಸೆ ಹರ್ಷಿತ ಮಗು ಅಂಜನ್‌ಗೆ ಹಾಲು ಕುಡಿಸುತ್ತಿದ್ದಾಳೆ. ನಿನ್ನಮ್ಮ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳನ್ನು ಹಿತಕುತ್ತಿದ್ದಾಳೆ. ಕಾಳು ಬೆರಳ ಸಂದಿಯಿಂದ ಚಿಮ್ಮಿ ಪಾತ್ರೆಗೆ ಬೀಳುವ ಸದ್ದು ಬಾಗಿಲ ಪಕ್ಕವೇ ಕೂತ ನನ್ನ ಮಂದ ಕಿವಿಗೂ ಕೇಳುತ್ತಿದೆ. ಆ ಸದ್ದು ನಿಂತರೆ ನಾನು ಎದ್ದು ನೋಡಬೇಕು. ಹಾಗಾಗಿ ಕಾಗದದ ಮಧ್ಯೆ ಎಲ್ಲಾದರೂ ಮಾತು ತುಂಡಾದರೆ ತಪ್ಪು ತಿಳಿಯಬೇಡ.

ಕಳೆದ ಶುಕ್ರವಾರ ನಮ್ಮ ಮನೆ ಗ್ರೂಪಿನಲ್ಲಿ ಹರ್ಷಿತ ಹಾಕಿದ ವಿಡಿಯೋ ನೋಡಿದ್ದೀಯ. ಹೊಸಕೋಟೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಸಂಘಮಿತ್ರ ಅವರು ‘ನಿಮ್ಮ ಯಜಮಾನರ ಹೆಸರೇನಮ್ಮ’ ಎಂದು ಕೇಳುತ್ತಾರೆ, ನಿನ್ನಮ್ಮ ಥಟ್ಟನೆ ‘ವೆಂಕಟರಾಯಪ್ಪ’ ಅನ್ನುತ್ತಾಳೆ. ಕೆಂಪರಾಜ್ ಹಿಂದಿನಿಂದ ಚಪ್ಪಾಳೆ ಹೊಡೆಯುತ್ತಾನೆ. ಅದರ ಕೆಳಗೆ ಎಲ್ಲರೂ ಕೆಂಪು ಹೃದಯ ಒತ್ತಿದ್ದೀರಿ. ನೀನು ‘ಕೊನೆಗೂ ಅಪ್ಪನ ಹೆಸರು, ಅಮ್ಮ ಸೂಪರ್’ ಎಂದು ಬರೆದೆ. ಸಂಜೆ ಫೋನು ಮಾಡಿ ನಕ್ಕಿದ್ದೇ ನಕ್ಕಿದ್ದು. ಸ್ಪೀಕರಿನಲ್ಲಿ ನಿನ್ನ ನಗು ಕೇಳಿ ಮನೆಯವರೂ ನಕ್ಕರು, ನಿನ್ನಮ್ಮನೂ ನಕ್ಕಳು. ನಾನೂ ಹ್ಞೂಂ ಹ್ಞೂಂ ಅಂದೆ.

ನನಗೆ ಆವತ್ತಿನಿಂದ ಹೆದರಿಕೆಯಾಗಿದೆ ಚೈತ್ರ. ಹೆದರಿಕೆ ಎಂದೇ ಬರೆಯುತ್ತೇನೆ, ಬೇರೆ ಪದ ಹುಡುಕುವುದಿಲ್ಲ. ಇದನ್ನು ಈವತ್ತೇ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ, ನೀನು ಈ ಭಾನುವಾರ ಬರಬೇಕು. ಒಂದನೇ ತಾರೀಕು ಸೋಮವಾರ ಹರ್ಷಿತ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೊರಡುತ್ತಾಳೆ. ಅಂಜನ್‌ನನ್ನು ದಿನವಿಡೀ ನೋಡಿಕೊಳ್ಳುವವಳು ನಿನ್ನಮ್ಮ ಎಂದು ತೀರ್ಮಾನವಾಗಿದೆ. ಡಾಕ್ಟರ ಪರೀಕ್ಷೆಯಲ್ಲಿ ಅಮ್ಮ ಪಾಸು ಎಂಬುದರ ಮೇಲೆ ಆದ ತೀರ್ಮಾನ ಅದು. ಆ ಪಾಸು ನನ್ನ ಲೆಕ್ಕದಲ್ಲಿ ಪಾಸಲ್ಲ. ಯಾಕೆಂದು ಹೇಳುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿನಗೆ ಅರ್ಧ ಗೊತ್ತಿರುವ ಕಥೆಗಳೇ, ಆದರೂ ಓದು.

ನಮ್ಮ ಮದುವೆಯ ದಿನ ನನ್ನ ಅಕ್ಕಂದಿರು ಈ ಮನೆಯ ಹೊಸ್ತಿಲಲ್ಲಿ ಅಡ್ಡ ನಿಂತರು. ಗಂಡನ ಹೆಸರು ಹೇಳು, ಒಳಗೆ ಬಿಡ್ತೀವಿ ಎಂದರು. ಎಲ್ಲ ಹೆಣ್ಣುಮಕ್ಕಳಿಗೂ ಮಾಡುವ ತಮಾಷೆ. ಎಂಥ ನಾಚಿಕೆಯವಳೂ ಒಂದು ಸಲ ಬಾಯೊಳಗೆ ಗೊಣಗಿ ಒಳಗೆ ಬಂದುಬಿಡುತ್ತಾಳೆ. ನಿನ್ನಮ್ಮ ಹೇಳಲಿಲ್ಲ. ತಲೆ ತಗ್ಗಿಸಿ ನಿಂತಳು. ತಮಾಷೆ ಮಾಡಿದವರಿಗೆ ಬೇಜಾರಾಯಿತು, ನೋಡುವವರಿಗೆ ಹಸಿವಾಯಿತು, ಅವಳು ನಿಂತೇ ಇದ್ದಳು. ಕಡೆಗೆ ನನ್ನವ್ವ ಎದ್ದು ಬಂದು, ‘ಬಿಡ್ರೇ ಅತ್ಲಾಗೆ, ಮಗ ಬಿಸ್ಲಲ್ಲಿ ನಿಂತೈತೆ’ ಎಂದು ಇವಳ ಕೈ ಹಿಡಿದು ಒಳಗೆ ಕರೆದುಕೊಂಡಳು. ಗಂಡನ ಹೆಸರು ಹೆಂಡತಿಯ ಬಾಯಿಗೆ ಬಂದಷ್ಟೂ ಅವನ ಆಯಸ್ಸು ಸವೆಯುತ್ತದೆ ಎಂದು ಅವಳ ಅಜ್ಜಿ ಹೇಳಿಕೊಟ್ಟಿದ್ದಳಂತೆ. ನನಗೆ ಈಗ ಎಪ್ಪತ್ತಾರು. ಇಷ್ಟು ವರ್ಷ ನಾನು ಗಟ್ಟಿಯಾಗಿರುವುದು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತು ನಿಂತು ಎಂದು ನಾನು ಹೇಳುತ್ತಿದ್ದೆ. ಅವಳು ನಗುತ್ತಿದ್ದಳು, ಯಾರಿಂದ ಎಂದು ತನಗೆ ಗೊತ್ತು ಎಂಬ ಹಾಗೆ.

ಹೆಸರು ಒಂದೇ ಅಲ್ಲ, ಅದರ ನೆರಳನ್ನೂ ಅವಳು ತುಳಿಯಲಿಲ್ಲ. ತಿರುಪತಿ ದೇವರಿಗೆ ಅವಳ ಬಾಯಲ್ಲಿ ‘ಏಳು ಬೆಟ್ಟದಪ್ಪ’ ಎಂದಷ್ಟೇ ಹೆಸರು. ಪಾಪಮ್ಮನ ಮಗ ವೆಂಕಟೇಶ ನಲವತ್ತು ದಾಟಿದರೂ ಇವಳಿಗೆ ‘ಪಾಪಮ್ಮನ ಹುಡುಗ’. ನೀನು ಹುಟ್ಟಿದಾಗ ಆಸ್ಪತ್ರೆಯ ಗುಮಾಸ್ತ ತಂದೆಯ ಹೆಸರೇನು ಎಂದು ಕೇಳಿದನಂತೆ. ಇವಳು ಗೋಡೆಯ ಕ್ಯಾಲೆಂಡರಿನಲ್ಲಿದ್ದ ತಿರುಪತಿ ದೇವರನ್ನು ತೋರಿಸಿದಳಂತೆ. ಅವನು ತನಗೆ ತಿಳಿದ ಹಾಗೆ ‘ತಿಮ್ಮಪ್ಪ’ ಎಂದು ಬರೆದುಕೊಂಡ. ನಿನ್ನ ಎಸ್ಸೆಸ್ಸೆಲ್ಸಿ ಹೊತ್ತಿಗೆ ನಾನು ತಿಮ್ಮಪ್ಪ ಅಲ್ಲ ಎಂದು ನೋಟರಿ ಮುಂದೆ ಪ್ರಮಾಣ ಮಾಡಬೇಕಾಯಿತು. ಇದನ್ನು ನೀನು ನಿನ್ನ ಶಾಲೆಯ ಸ್ಟಾಫ್ ರೂಮಿನಲ್ಲೂ ಹೇಳಿ ನಗಿಸಿದ್ದೀಯಂತೆ.

ನಿನ್ನ ಜ್ವರದ ಕಥೆಯನ್ನೂ ಕೇಳಿದ್ದೀಯ, ಆದರೆ ನಗುತ್ತಾ ಕೇಳಿದ್ದೀಯ. ನಿನಗಾಗ ಅಂಜನ್‌ನಷ್ಟೇ ವಯಸ್ಸು. ಮೈ ಕೆಂಡವಾಗಿ ಕಣ್ಣು ಮೇಲೆ ಸಿಕ್ಕಿಸುತ್ತಿದ್ದೆ. ನನ್ನವ್ವ, ‘ಓಗಿ ಅವನ್ನ ಕರ್ಕಂಡು ಆಸ್ಪತ್ರೆಗೆ ಓಗು’ ಎಂದು ಇವಳನ್ನು ಬಸ್ಸು ಹತ್ತಿಸಿದಳು. ನಾನು ಮಾಲೂರು ರೂಟಿನಲ್ಲಿದ್ದೆ. ಇವಳು ಹೊಸಕೋಟೆ ನಿಲ್ದಾಣದಲ್ಲಿ ಇಳಿದು ಕಂಟ್ರೋಲರ್ ಕಿಟಕಿಯ ಮುಂದೆ ನಿಂತಳು. ಯಾರು ಬೇಕಮ್ಮ ಎಂದರು. ಮಾಲೂರು ರೂಟಿನ ಕಂಡಕ್ಟರು ಎಂದಳು. ಆ ರೂಟಿಗೆ ಐದಾರು ಜನ ಇದ್ದಾರೆ, ಹೆಸರು ಹೇಳಿದರೆ ಯಾವುದಾದರೂ ಬಸ್ಸಿನಲ್ಲಿ ಹೇಳಿ ಕಳಿಸ್ತೀನಿ ಎಂದರು. ಒಂದು ಹೆಸರು ಹೇಳಿದ್ದರೆ ನಾನು ಮುಂದಿನ ಬಸ್ಸಿಗೆ ಬರುತ್ತಿದ್ದೆ. ಅವಳು ಹೇಳಲಿಲ್ಲ. ನಿನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಕಂಬದ ಪಕ್ಕ ನಿಂತು, ಬಂದ ಬಂದ ಬಸ್ಸಿನ ಬಾಗಿಲನ್ನೆಲ್ಲ ನೋಡಿದಳು. ಮಧ್ಯಾಹ್ನದ ಮೇಲೆ ನನ್ನ ಬಸ್ಸು ಬಂತು. ಆವತ್ತು ನಾನು ಬೈದೆನೋ ಅತ್ತೆನೋ ನನಗೆ ನೆನಪಿಲ್ಲ. ಕಂಟ್ರೋಲರ್ ಬೈದದ್ದು ಮಾತ್ರ ನೆನಪಿದೆ. ಗಂಡನ ಆಯಸ್ಸು, ಮಗಳ ಜೀವ, ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಇಪ್ಪತ್ತನಾಲ್ಕು ವರ್ಷದ ಹುಡುಗಿ ಅಷ್ಟು ಹೊತ್ತು ನಿಂತಿದ್ದಳು ಎಂಬುದು ನನಗೆ ಅರ್ಥವಾಗಿದ್ದು ಬಹಳ ತಡವಾಗಿ.

ಅಂಥವಳ ಬಾಯಲ್ಲಿ ಒಂದೇ ಒಂದು ಸಲ ನನ್ನ ಹೆಸರು ಕೇಳಬೇಕೆಂಬ ಆಸೆ ನನಗೆ ಇಲ್ಲದೆ ಇರಲಿಲ್ಲ. ಬಸ್ಸಿನಲ್ಲಿ ದಿನಾ ಬೆಳಗಿಂದ ಸಂಜೆತನಕ ನೂರೆಂಟು ಜನ ಕಂಡಕ್ಟ್ರೇ, ಗುರೂ, ಏನಪ್ಪಾ ಎಂದು ಕೂಗುತ್ತಿದ್ದರು. ಮನೆಗೆ ಬಂದರೆ ‘ಕೇಳುಸ್ತಾ’, ‘ಇಲ್ನೋಡಿ’. ಹೆಸರಿಟ್ಟದ್ದು ಯಾತಕ್ಕೆ ಎನಿಸುತ್ತಿತ್ತು. ರಿಟೈರಾದ ದಿನ ನನ್ನ ಡ್ರೈವರ್ ಆಂಜಿನಪ್ಪ ಹಾರ ಹಿಡಿದುಕೊಂಡು, ಅಕ್ಕ ಈವತ್ತು ಹೆಸರು ಹೇಳಿದರೇ ಹಾರ ಹಾಕೋದು ಎಂದು ಹಟ ಹಿಡಿದ. ಇವಳು ಅವನ ಕೈಯಿಂದ ಹಾರ ಕಿತ್ತುಕೊಂಡು ತಾನೇ ನನ್ನ ಕೊರಳಿಗೆ ಹಾಕಿ ಒಳಗೆ ಹೋದಳು.

ಈಗ ಆಸ್ಪತ್ರೆಯ ಮಾತು. ಆಗಸ್ಟಿನಲ್ಲಿ ಮೊದಲ ಸಲ ಹೋದಾಗ ನೀನೇ ಜೊತೆಗಿದ್ದೆ. ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು, ಮಾತಿನ ಮಧ್ಯೆ ‘ಅದು, ಅದು’ ಎಂದು ಕೈ ಆಡಿಸುತ್ತಿದ್ದಳು, ನಲ್ಲಿಗೆ ‘ನೀರು ಬರೋದು’ ಎನ್ನುತ್ತಿದ್ದಳು. ಪ್ರಾಣಿಗಳ ಹೆಸರು ಹೇಳಿ ಎಂದರೆ ನಮ್ಮ ಕೊಟ್ಟಿಗೆಯಲ್ಲಿದ್ದ ಹಸುಗಳನ್ನು ಒಂದೊಂದಾಗಿ ಕರೆದಳು, ಗೌರಿ, ಕೆಂಪಿ, ಬೋಳಿ ಎಂದು. ಯಜಮಾನರ ಹೆಸರು ಕೇಳಿದಾಗ ಸೆರಗು ಬಾಯಿಗೆ ಹಿಡಿದು ನನ್ನ ಕಡೆ ಬೆರಳು ತೋರಿಸಿದಳು. ಡಾಕ್ಟರಿಗೆ ಗೊತ್ತಾಗಲಿಲ್ಲ. ನೀನು, ‘ಮೇಡಂ ಇದು ಮರೆವಲ್ಲ, ನಮ್ಮ ಕಡೆ ಹೇಳಲ್ಲ’ ಎಂದು ವಾದ ಮಾಡಿದೆ, ಅವರು ನಕ್ಕು ಒಪ್ಪಿಕೊಂಡರು. ಆಚೆ ಬಂದು ನೀನು, ಅಮ್ಮನಿಗೆ ಏನೂ ಆಗಿಲ್ಲ, ನೀವೆಲ್ಲ ಸೇರಿ ಅವಳನ್ನು ಹೆದರಿಸಬೇಡಿ ಎಂದು ನನಗೇ ಗದರಿದೆ. ಆವತ್ತು ನೀನು ಗದರಿದ್ದು ನನಗೆ ಎಷ್ಟು ಹಿತವಾಗಿತ್ತು ಎಂದು ನಿನಗೆ ಗೊತ್ತಿಲ್ಲ.

ಡಾಕ್ಟರು ನನಗೂ ಒಂದು ಮಾತು ಹೇಳಿದ್ದರು. ನನಗೂ ಹೆಸರುಗಳು ಜಾರುತ್ತವೆ ಎಂದು ಅವರ ಹತ್ತಿರ ಅತ್ತುಕೊಂಡಿದ್ದೆ. ಅನುಗೊಂಡನಹಳ್ಳಿ ದಾಟಿದ ಮೇಲೆ ಬರುವ ಸ್ಟಾಪಿನ ಹೆಸರು ಒಂದು ಬೆಳಿಗ್ಗೆಯೆಲ್ಲ ನಾಲಗೆ ತುದಿಯಲ್ಲಿ ಕೂತು ಊಟದ ಹೊತ್ತಿಗೆ ಇಳಿದಿತ್ತು. ಅವರು ಹೇಳಿದರು, ವಯಸ್ಸಾದಂತೆ ಹೆಸರು ತಡವಾಗಿ ಬರುತ್ತದೆ, ಆದರೆ ಬರುತ್ತದೆ, ಕಲಿತ ಮಾತು ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಎಷ್ಟೋ ಮುದುಕರಿಗೆ ಹುಡುಗರಿಗಿಂತ ಹೆಚ್ಚು ಪದ ಗೊತ್ತಿರುತ್ತದೆ ಎಂದು. ನೋಡಬೇಕಾದ್ದು ಬೇರೆ, ತಾನು ಯಾವಾಗಲೂ ಮಾಡುತ್ತಿದ್ದುದನ್ನು ಬಿಟ್ಟಿದ್ದೇನೆ ಎಂಬುದೇ ಮನುಷ್ಯನಿಗೆ ತಿಳಿಯದೆ ಹೋಗುವುದು ಎಂದರು. ನಾನು ಅದನ್ನು ನನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ. ಟಿಕೆಟ್ಟನ್ನು ಎಲ್ಲೋ ಸಿಕ್ಕಿಸಿಕೊಂಡು ಜೇಬು ತಡಕುವವರು ಒಂದು ಜಾತಿ. ಟಿಕೆಟ್ ತೋರಿಸಿ ಎಂದರೆ ನಾನು ಬಸ್ಸು ಹತ್ತಿದೆನಾ ಎಂದು ಕೇಳುವವರು ಇನ್ನೊಂದು.

ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದಿದ್ದರಲ್ಲ, ಅದೇ ಕಳೆದ ಶುಕ್ರವಾರ. ನೀನು ಶಾಲೆ ಮಕ್ಕಳನ್ನು ಮಾಕಳಿದುರ್ಗ ಹತ್ತಿಸಲು ಹೋಗಿದ್ದೆ. ಕೆಂಪರಾಜ್ ಅಷ್ಟು ದಿನ ಡ್ಯೂಟಿಯಿಂದ ಬಂದವನೇ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದ. ಇದು ಯಾವ ತಿಂಗಳಮ್ಮ, ಯಾವ ಜಿಲ್ಲೆಯಮ್ಮ, ನಾಲ್ಕು ಪ್ರಾಣಿ ಹೇಳಮ್ಮ. ಪ್ರೀತಿಯಿಂದಲೇ ಮಾಡಿದ, ಅವನ ಮೇಲೆ ನನಗೆ ಸಿಟ್ಟಿಲ್ಲ. ಪರೀಕ್ಷೆಯಲ್ಲಿ ಅವಳು ಹಸು, ನಾಯಿ, ಬೆಕ್ಕು, ಕುರಿ ಎಂದು ಒಪ್ಪಿಸಿದಳು. ನನಗೆ ಗೌರಿ, ಕೆಂಪಿ, ಬೋಳಿಯೇ ಚೆನ್ನಾಗಿತ್ತು ಅನ್ನಿಸಿತು. ಆದರೆ ನನ್ನ ಹೆಸರನ್ನು ಅವನು ಹೇಳಿಕೊಟ್ಟಿರಲಿಲ್ಲ. ಹೇಗೂ ಹೇಳುವುದಿಲ್ಲ ಎಂದು ಬಿಟ್ಟಿದ್ದ. ಅದನ್ನು ಅವಳೇ ಹೇಳಿದಳು.

ಸುಳ್ಳೇಕೆ, ಮೊದಲು ನನಗೆ ಸಂತೋಷವಾಯಿತು. ಕಂಡಕ್ಟರು ಸ್ಟಾಪಿನ ಹೆಸರು ಕೂಗಿದ ಹಾಗೆ ತಡವರಿಸದೆ ಹೇಳಿದಳು. ಅವಳೀಗ ನನ್ನ ಕಡೆ ನೋಡುತ್ತಾಳೆ, ಹೇಳಬಾರದ್ದನ್ನು ಹೇಳಿಬಿಟ್ಟೆ ಎಂದು ನಾಲಗೆ ಕಚ್ಚಿಕೊಳ್ಳುತ್ತಾಳೆ, ಸೆರಗು ಎಳೆದುಕೊಳ್ಳುತ್ತಾಳೆ ಎಂದು ಕಾದೆ. ಅವಳು ನೋಡಲಿಲ್ಲ. ಕೈ ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಪ್ರಶ್ನೆಗೆ ಡಾಕ್ಟರ ಮುಖವನ್ನೇ ನೋಡುತ್ತಿದ್ದಳು. ಆ ವಿಡಿಯೋ ಇನ್ನೊಂದು ಸಲ ಹಾಕಿಕೊಂಡು, ಹೆಸರನ್ನು ಬಿಟ್ಟು ಅವಳ ಮುಖವನ್ನು ನೋಡು. ಡಾಕ್ಟರು ಸರಿ ಗುರುತು ಹಾಕಿದರು. ಅವರ ತಪ್ಪೇನಿಲ್ಲ, ಹೆಸರು ಸರಿಯಾಗಿಯೇ ಇತ್ತು. ನಾನು ಬಾಯಿ ಬಿಡಬೇಕಿತ್ತು. ಎಲ್ಲರೂ ಖುಷಿಯಲ್ಲಿದ್ದರು. ನೀರು ಕುಡಿದು ಬರುತ್ತೇನೆಂದು ಆಚೆ ಹೋಗಿ ನಿಂತುಕೊಂಡೆ.

ಮನೆಗೆ ಬಂದ ಮೇಲೆ ಮೆಲ್ಲಗೆ ಕೇಳಿದೆ, ಹೆಸರು ಹೇಳಿಬಿಟ್ಟೆಯಲ್ಲ ಎಂದು. ‘ಯಾರ ಹೆಸ್ರು’ ಎಂದಳು. ನನ್ನದು ಎಂದೆ. ‘ಹೇಳಿದ್ರೆ ಏನಾಯ್ತು, ಹೆಸ್ರಿರೋದೇ ಕರೆಯಕ್ಕಲ್ವಾ’ ಎಂದಳು. ಹೊಸ ಕಾಲದ ಹೆಣ್ಣುಮಕ್ಕಳು ಹೇಳಿದರೆ ಒಪ್ಪುವ ಮಾತು. ನಾನೇ ಎಷ್ಟೋ ಸಲ ಅವಳಿಗೆ ಹೇಳಿದ ಮಾತು. ಅವಳ ಬಾಯಲ್ಲಿ ಅದನ್ನು ಕೇಳುತ್ತೇನೆಂದು ಎಣಿಸಿರಲಿಲ್ಲ. ಈ ವಯಸ್ಸಿನಲ್ಲಿ ಮನಸ್ಸು ಬದಲಾಯಿಸಿಕೊಂಡಳೇನೋ, ನಿನ್ನ ಮಾತು ಕೇಳಿ ಕೇಳಿ ಆ ನಂಬಿಕೆ ಬಿಟ್ಟಳೇನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಿಟ್ಟವಳಿಗೆ ಬಿಟ್ಟೆ ಎಂದು ಗೊತ್ತಿರಬೇಕಲ್ಲವೇ. ಮೊನ್ನೆ ದೀಪ ಹಚ್ಚುವಾಗ ‘ವೆಂಕಟ್ರಮಣ, ಕಾಪಾಡಪ್ಪ’ ಎಂದಳು. ಏಳು ಬೆಟ್ಟದಪ್ಪ ಎಲ್ಲಿಗೆ ಹೋದನೋ ಅವಳಿಗೆ ನೆನಪಿಲ್ಲ. ಐವತ್ತು ವರ್ಷ ಒಂದು ಹೆಸರನ್ನು ಹೇಳದೆ ಇರಬೇಕಾದರೆ ಅದನ್ನು ದಿನವೂ ನೆನಪಿಟ್ಟುಕೊಳ್ಳಬೇಕು ಚೈತ್ರ. ಆ ನೆನಪು ಹೋಗಿದೆ. ಎಲ್ಲರೂ ಅದನ್ನು ನೆನಪು ಬಂತು ಎಂದುಕೊಂಡಿದ್ದಾರೆ.

ಕೆಂಪರಾಜನಿಗೆ ಹೇಳಲು ನೋಡಿದೆ. ಅವನು ನಕ್ಕುಬಿಟ್ಟ. ‘ಅಪ್ಪಾ, ಹೆಸ್ರು ಹೇಳ್ಲಿಲ್ಲ ಅಂತ ಇಷ್ಟು ವರ್ಷ ಕೊರಗಿದ್ದು ನೀನೇ, ಈಗ ಹೇಳಿದ್ರೆ ಅದಕ್ಕೂ ತಕರಾರಾ’ ಎಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಹತ್ತಿರ ಅವನಿಗೆ ತೋರಿಸುವುದಕ್ಕೆ ಏನಿದೆ? ಅಮ್ಮ ಸರಿಯಾದ ಉತ್ತರ ಹೇಳಿದಳು, ಅದಕ್ಕೇ ಅವಳಿಗೆ ಕಾಯಿಲೆ ಎಂದರೆ ಯಾರು ಕೇಳುತ್ತಾರೆ?

ಹರ್ಷಿತ ಒಳ್ಳೆಯ ಹುಡುಗಿ. ದೇವನಹಳ್ಳಿ ಏರ್‌ಪೋರ್ಟಿನ ಹತ್ತಿರ ಆ ಕೆಲಸ ಸಿಗಲು ಅವಳು ಪಟ್ಟ ಪಾಡು ನನಗೆ ಗೊತ್ತು, ಬಿಟ್ಟರೆ ಮತ್ತೆ ಸಿಗುವುದಿಲ್ಲ. ಮಗುವನ್ನು ಬಿಟ್ಟು ಹೋಗಲು ಅವಳಿಗೂ ಸಂಕಟವೇ. ಅತ್ತೆ ಇದ್ದಾರಲ್ಲ ಎಂದು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಾಳೆ. ಆ ಮಾತು ನಿನ್ನಮ್ಮನ ಕಿವಿಗೆ ಬಿದ್ದಾಗಿನಿಂದ ಅವಳ ನಡಿಗೆಯೇ ಬದಲಾಗಿದೆ. ಅಟ್ಟದಿಂದ ನಿಮ್ಮಿಬ್ಬರನ್ನೂ ಮಲಗಿಸಿದ್ದ ತೊಟ್ಟಿಲು ಇಳಿಸಿ ಒರೆಸಿದ್ದಾಳೆ. ಹೊಸ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಮಗುವಿನ ಸರಿಹಿಟ್ಟಿಗೆ ಬೀಸಿ ಜರಡಿ ಹಿಡಿದಿದ್ದಾಳೆ. ಅದರಲ್ಲಿ ಒಂದು ಚೂರೂ ತಪ್ಪಿಲ್ಲ, ಕೈಗೆ ಎಲ್ಲವೂ ನೆನಪಿದೆ. ಅಂಥವಳ ಎದುರಿಗೆ, ನಿನ್ನ ಕೈಗೆ ಮಗು ಕೊಡುವ ಹಾಗಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ.

ನಾನಿದ್ದೇನಲ್ಲ ಎಂದು ನೀನು ಹೇಳಬಹುದು. ಇದ್ದೇನೆ. ಆದರೆ ಊಟವಾದ ಮೇಲೆ ನನಗೆ ಕಣ್ಣು ಎಳೆಯುತ್ತದೆ, ಕಿವಿ ಅಷ್ಟಕ್ಕಷ್ಟೇ. ಅಂಜನ್ ಈಗ ಅಂಬೆಗಾಲಿಡುತ್ತಾನೆ. ಅವಳು ಮಗುವನ್ನು ನೋಡಿಕೊಳ್ಳುತ್ತಾಳೆ, ನಾನು ಜೊತೆಗಿರುತ್ತೇನೆ ಎಂಬುದು ಇವರ ಲೆಕ್ಕ. ನಾನು ಇಬ್ಬರನ್ನೂ ನೋಡಿಕೊಳ್ಳಬೇಕು ಎಂಬುದು ಇವರಿಗೆ ತಿಳಿದಿಲ್ಲ.

ಸದ್ದು ನಿಂತಿತ್ತು. ಎದ್ದು ಹೋಗಿ ನೋಡಿ ಬಂದೆ. ಕಾಳು ಮುಗಿದಿದೆ ಅಷ್ಟೆ. ಸಿಪ್ಪೆಯನ್ನು ಮೊರದಲ್ಲಿ ಒಟ್ಟು ಮಾಡುತ್ತಿದ್ದಾಳೆ. ನನ್ನನ್ನು ನೋಡಿ, ‘ಕಾಪಿ ಬೇಕಾ’ ಎಂದಳು. ಬೇಕು ಎಂದೆ. ಹರ್ಷಿತ ಒಲೆಯ ಹತ್ತಿರ ಇದ್ದಾಳೆ, ಹೆದರಿಕೆಯಿಲ್ಲ.

ನೀನು ಗಾಬರಿಯಾಗಬೇಡ. ಅಂಥದ್ದೇನೂ ನಡೆದಿಲ್ಲ. ಅವಳಿಗೆ ನನ್ನ ಗುರುತು ಚೆನ್ನಾಗಿಯೇ ಇದೆ, ನಿಮ್ಮೆಲ್ಲರ ಗುರುತೂ ಇದೆ. ಮೊನ್ನೆ ಮಂಗಳವಾರ ನಾವಿಬ್ಬರೂ ಅಂಜನ್‌ನನ್ನು ಎತ್ತಿಕೊಂಡು ಬಸ್ ನಿಲ್ದಾಣದ ತನಕ ಬಿಸಿಲು ಕಾಯಿಸಲು ಹೋಗಿ ಬಂದೆವು. ಹರ್ಷಿತ ಗೇಟಿನ ಹತ್ತಿರ ನಮ್ಮ ಮೂವರ ಫೋಟೋ ಹಿಡಿದು ಗ್ರೂಪಿಗೆ ಹಾಕಿದ್ದಾಳೆ, ನೋಡಿರುತ್ತೀಯ. ಅಂಜನ್ ಅದರಲ್ಲಿ ನಗುತ್ತಿದ್ದಾನೆ.

ನಾನು ಕೇಳಿಕೊಳ್ಳುವುದು ಇಷ್ಟು. ಭಾನುವಾರ ಬಾ. ಕೆಂಪರಾಜನನ್ನೂ ಹರ್ಷಿತಳನ್ನೂ ತೋಟದ ಕಡೆ ಕರೆದುಕೊಂಡು ಹೋಗಿ, ನಿನ್ನಮ್ಮನ ಕಿವಿಗೆ ಬೀಳದ ಹಾಗೆ ಹೇಳು. ಆಗಸ್ಟಿನಲ್ಲಿ ಡಾಕ್ಟರ ಮುಂದೆ ಅಮ್ಮನ ಪರವಾಗಿ ವಾದ ಮಾಡಿದವಳು ನೀನು, ನೀನು ಹೇಳಿದರೆ ಅವರು ನಂಬುತ್ತಾರೆ. ಮತ್ತೊಂದು ಸಲ ಡಾಕ್ಟರ್ ಸಂಘಮಿತ್ರ ಅವರ ಹತ್ತಿರ ಹೋಗೋಣ, ಆವತ್ತು ನಾನು ಹೇಳದೆ ಬಿಟ್ಟದ್ದನ್ನು ಈ ಸಲ ನಾನೇ ಹೇಳುತ್ತೇನೆ. ಪಾಪಮ್ಮನನ್ನು ಹಗಲು ಹೊತ್ತು ಮನೆಯಲ್ಲಿ ಇರಿಸಿಕೊಳ್ಳಬಹುದೇ ನೋಡೋಣ, ಜೊತೆಗೆ ಅವರೆ ಬಿಡಿಸಲು ಬಂದಿದ್ದಾಳೆ ಎಂದರೆ ಸಾಕು. ಮಗುವನ್ನು ನಿನ್ನಮ್ಮನ ತೊಡೆಯಿಂದ ಕಿತ್ತುಕೊಂಡ ಹಾಗೆ ಮಾತ್ರ ಆಗಬಾರದು.

ಇಲ್ಲಿಯ ಕ್ಷೇಮ ಸಮಾಚಾರವನ್ನು ಕೊನೆಗೆ ಬರೆಯುತ್ತೇನೆ ಎಂದಿದ್ದೆ. ಬರೆಯಲು ಕೈ ಬರುತ್ತಿಲ್ಲ, ನೀನು ಬಂದ ಮೇಲೆ ನೋಡಿಕೋ.

ಮಕ್ಕಳ ತಲೆಯ ಮೇಲೆ ನನ್ನ ಕೈ ಇದೆ ಎಂದು ಹೇಳು.

ನಿನ್ನ ಅಪ್ಪ,
ವೆಂಕಟರಾಯಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಕಾಗದ ಮಡಿಸುವ ಮುಂಚೆ ಓದಿಕೊಂಡೆ. ಇಷ್ಟನ್ನೇ ಓದಿದರೆ ನೀನೂ ಕೆಂಪರಾಜನ ಹಾಗೆ ನಕ್ಕು, ಮುಂದಿನ ತಿಂಗಳು ಬರ್ತೀನಪ್ಪ ಎನ್ನುತ್ತೀಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಂಗಳವಾರ ನಾವು ಬಿಸಿಲು ಕಾಯಿಸಲು ಹೋಗಿರಲಿಲ್ಲ. ಅದು ನಾನು ಹರ್ಷಿತಳಿಗೆ ಹೇಳಿದ ಸುಳ್ಳು. ಅವಳು ಸ್ನಾನಕ್ಕೆ ಹೋಗಿದ್ದಳು, ನಾನು ಹಿತ್ತಲಲ್ಲಿದ್ದೆ. ಒಳಗೆ ಬಂದರೆ ತೊಟ್ಟಿಲು ಖಾಲಿ, ಬೀದಿ ಬಾಗಿಲು ತೆರೆದಿತ್ತು. ಮಫ್ಲರ್ ಸುತ್ತಿಕೊಂಡವನು ಹಾಗೇ ಓಡಿದೆ. ನಿನ್ನಮ್ಮ ಬಸ್ ನಿಲ್ದಾಣದ ಕಂಬದ ಪಕ್ಕ, ಅಂಜನ್‌ನನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಬಂದು ನಿಂತ ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದಳು. ನಾನು ಹತ್ತಿರ ಹೋದ ಕೂಡಲೇ, ‘ಕಂಟ್ರೋಲರ್ ಸಾಹೇಬ್ರೇ, ಮಾಲೂರು ರೂಟಲ್ಲಿ ವೆಂಕಟರಾಯಪ್ಪ ಅಂತ ಕಂಡಕ್ಟ್ರು ಅವ್ರೆ. ನಮ್ ಚೈತ್ರಂಗೆ ಮೈ ಸುಡ್ತೈತೆ. ಒಸಿ ಬಿರ್ನೆ ಬರಕ್ಕೇಳಿ’ ಎಂದಳು. ಮಗುವಿನ ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಹೇಳಿ ಕಳಿಸ್ತೀನಮ್ಮ, ಮುಂದಿನ ಬಸ್ಸಿಗೇ ಬರ್ತಾರೆ ಎಂದೆ. ‘ಅವ್ರು ಬರೋಗಂಟ ಇಲ್ಲೇ ನಿಂತಿರ್ತೀನಿ’ ಎಂದಳು. ನಾನೂ ಅವಳ ಪಕ್ಕ ನಿಂತುಕೊಂಡೆ.